ಚೀನಾದ ಹಾರ್ಡ್ ಸ್ಲೀಪರ್ ಗಾಡಿ: ಹಾಸನ, ಚಿಕ್ಕಮಗಳೂರು ಕಡೆಯಿಂದ ಹೊರಡುವ ಇಬ್ಬರಿಗೆ

ಚೀನಾ ಎಂದರೆ ಬುಲೆಟ್ ರೈಲು ಎಂದುಕೊಂಡು ಹೊರಡುವವರೇ ಜಾಸ್ತಿ. ಗಂಟೆಗೆ 350 ಕಿಲೋಮೀಟರ್ ಓಡುವ ಆ ಗಾಡಿಯಲ್ಲಿ ಕುಂದು ಹುಡುಕುವುದು ಕಷ್ಟವೇ. ಆದರೆ ಹೆಗಲಿಗೊಂದು ಚೀಲ ಹಾಕಿಕೊಂಡು, ಕೈ ಬಿಗಿಹಿಡಿದು ಖರ್ಚು ಮಾಡುತ್ತ, ಎರಡು ಮೂರು ವಾರ ನೆಲದ ಮೇಲೇ ಊರಿಂದೂರಿಗೆ ಸಾಗುವ ಇಬ್ಬರಿಗೆ ಅದಕ್ಕಿಂತ ಒದಗುವ ಗಾಡಿ ಬೇರೆ ಇದೆ: ಕಡುಹಸಿರು ಬಣ್ಣದ ಮಾಮೂಲಿ ರಾತ್ರಿ ರೈಲಿನ ಹಾರ್ಡ್ ಸ್ಲೀಪರ್. ಅಲ್ಲಿನವರ ಬಾಯಲ್ಲಿ ‘ಯಿಂಗ್‌ವೋ’. 5ಕ್ಕೆ 4 ಅಂಕ ಧಾರಾಳವಾಗಿ ಕೊಡಬಹುದಾದ ಸೇವೆ ಇದು. ಹೋದ ಒಂದು ಅಂಕ ಸಣ್ಣಪುಟ್ಟ ಕಾರಣಗಳಿಗೆ ಹೋದದ್ದಲ್ಲ, ಅದನ್ನೂ ಇಲ್ಲೇ ಹೇಳಿದೆ.

ಮೊದಲು ದುಡ್ಡಿನ ಲೆಕ್ಕ. ಬೀಜಿಂಗ್‌ನಿಂದ ಶಾಂಘೈಗೆ ಹೈಸ್ಪೀಡ್ ಗಾಡಿಯ ಸೆಕೆಂಡ್ ಕ್ಲಾಸ್ ಸೀಟು ಗಾಡಿ, ಹೊತ್ತು ನೋಡಿಕೊಂಡು 550ರಿಂದ 660 ಯುವಾನ್‌ವರೆಗೆ ಏರಿಳಿಯುತ್ತದೆ. ಅದೇ ಎರಡು ಊರುಗಳ ನಡುವೆ ರಾತ್ರಿ ಗಾಡಿಯ ಹಾರ್ಡ್ ಸ್ಲೀಪರ್ 300 ಯುವಾನ್ ಆಸುಪಾಸು. ಅಂದರೆ ಒಬ್ಬರಿಗೆ 250 ಯುವಾನ್ ಉಳಿತಾಯ. ಜೊತೆಗೆ ಆ ರಾತ್ರಿಯ ಹಾಸ್ಟೆಲ್ ಮಂಚದ 50–60 ಯುವಾನ್ ಕೂಡ ಉಳಿಯಿತು. ಇಬ್ಬರಿಗೆ ಸೇರಿ 600 ಯುವಾನ್. ಒಂದು ಯುವಾನ್‌ಗೆ 12 ರೂಪಾಯಿ ಹಿಡಿದರೆ ಒಂದೇ ರಾತ್ರಿಗೆ ಏಳು ಸಾವಿರ ರೂಪಾಯಿ ಮೇಲೆ. ಮೂರು ವಾರದಲ್ಲಿ ಇಂಥ ಐದು ರಾತ್ರಿ ಸಿಕ್ಕರೆ ಬೆಂಗಳೂರಿಂದ, ನೆಲದ ದಾರಿ ಶುರುವಾಗುವ ಬ್ಯಾಂಕಾಕ್‌ಗೆ ಹಾರುವ ಟಿಕೆಟ್ಟಿನ ಬಾಬತ್ತಿಗೆ ಒಳ್ಳೇ ಪಾಲು ಬಂದಂತೆ. ಇನ್ನೊಂದು ಲಾಭ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಹೈಸ್ಪೀಡ್ ಸ್ಟೇಷನ್‌ಗಳು ಊರಾಚೆ ಇರುತ್ತವೆ, ಮಾಮೂಲಿ ಗಾಡಿಗಳು ಬಹುಪಾಲು ಹಳೇ ಸ್ಟೇಷನ್‌ಗೇ ಬರುತ್ತವೆ. ಶಿಯಾನ್‌ನಲ್ಲಿ ಹಳೇ ಸ್ಟೇಷನ್ ಕೋಟೆಗೋಡೆಯ ಪಕ್ಕಕ್ಕೇ ಇದೆ, ಇಳಿದು ನಡೆದೇ ಊರೊಳಗೆ ಹೋಗಬಹುದು. ಹೈಸ್ಪೀಡ್ ಗಾಡಿ ನಿಲ್ಲುವ ಶಿಯಾನ್ ಉತ್ತರ ಸ್ಟೇಷನ್‌ನಿಂದಾದರೆ ಮೆಟ್ರೋ ಹಿಡಿಯಲೇಬೇಕು.

ಗಾಡಿಯ ನಂಬರಿನ ಮುಂದಿರುವ ಇಂಗ್ಲಿಷ್ ಅಕ್ಷರ ನೋಡಿದರೆ ಅದರ ಜಾತಕ ಗೊತ್ತಾಗುತ್ತದೆ. ಜಿ, ಡಿ, ಸಿ ಎಂದಿದ್ದರೆ ಹೈಸ್ಪೀಡ್ ವರ್ಗ. ಜೆಡ್ ಎಂದಿದ್ದರೆ ಕಡಿಮೆ ಕಡೆ ನಿಲ್ಲುವ, ಗಂಟೆಗೆ 160 ಕಿ.ಮೀ. ವರೆಗೆ ಓಡುವ ಗಾಡಿ. ಟಿ ಅದಕ್ಕಿಂತ ನಿಧಾನ, ಕೆ ಇನ್ನೂ ನಿಧಾನ, ಸುಮಾರು 120. ಅಕ್ಷರವೇ ಇಲ್ಲದೆ ಬರೀ ನಾಲ್ಕು ಅಂಕಿ ಇದ್ದರೆ ಅದು ನಮ್ಮ ಪ್ಯಾಸೆಂಜರ್ ಗಾಡಿಯ ಹಾಗೆ ಎಲ್ಲೆಂದರಲ್ಲಿ ನಿಲ್ಲುವಂಥದ್ದು. ಹಾರ್ಡ್ ಸ್ಲೀಪರ್ ಸಿಗುವುದು ಜೆಡ್, ಟಿ, ಕೆ ಗಾಡಿಗಳಲ್ಲಿ. ರಾತ್ರಿ ಪ್ರಯಾಣಕ್ಕೆ ಜೆಡ್ ಒಳ್ಳೆಯದು, ಆದರೆ ದೂರ ಏಳೆಂಟು ನೂರು ಕಿಲೋಮೀಟರ್ ಮಾತ್ರ ಇದ್ದರೆ ಕೆ ಗಾಡಿಯೇ ಮೇಲು. ವೇಗದ ಗಾಡಿ ಬೆಳಗಿನ ಜಾವ ನಾಲ್ಕಕ್ಕೆ ತಂದು ಇಳಿಸಿಬಿಟ್ಟರೆ ಮೆಟ್ರೋ ಶುರುವಾಗಿರುವುದಿಲ್ಲ, ಹಾಸ್ಟೆಲ್‌ನಲ್ಲಿ ಎಬ್ಬಿಸಿದರೂ ಏಳುವವರಿರುವುದಿಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ತಲುಪುವ ಗಾಡಿಯನ್ನೇ ಹುಡುಕಿ, ವೇಗ ಆಮೇಲೆ.

‘ಹಾರ್ಡ್’ ಎಂದ ಮಾತ್ರಕ್ಕೆ ಹಲಗೆಯಲ್ಲ, ತೆಳು ಹಾಸಿಗೆ ಇರುತ್ತದೆ. ಒಂದು ಬೋಗಿಯಲ್ಲಿ 11 ಖಾನೆ, ಖಾನೆಗೆ ಆರರಂತೆ 66 ಬರ್ತ್. ನಮ್ಮ ಹಳೇ ಸ್ಲೀಪರ್ ಬೋಗಿಯಲ್ಲಿ ಒಂಬತ್ತು ಖಾನೆಗೆ 72 ಬರ್ತ್ ಇರುತ್ತವೆ, ಸೈಡ್ ಬರ್ತ್ ಸೇರಿ. ಅಲ್ಲಿ ಸೈಡ್ ಬರ್ತ್ ಇಲ್ಲ. ಆ ಜಾಗದಲ್ಲಿ ಓಡಾಡುವ ದಾರಿ, ಕಿಟಕಿಗೆ ಅಂಟಿಕೊಂಡ ಪುಟ್ಟ ಮೇಜು, ಗೋಡೆಗೆ ಮಡಚಿಕೊಳ್ಳುವ ಎರಡು ಸಣ್ಣ ಸೀಟು. ಎದ್ದ ಕೂಡಲೇ ಸೀಟು ಟಪ್ಪೆಂದು ಗೋಡೆಗೆ ಮಡಚಿಕೊಳ್ಳುತ್ತದೆ. ಖಾನೆಗೆ ಬಾಗಿಲಿಲ್ಲ, ಪರದೆಯೂ ಇಲ್ಲ. ಬರ್ತ್ ಸುಮಾರು ಎರಡಡಿ ಅಗಲ, ಆರಡಿ ಉದ್ದ. ಆರಡಿ ಮೀರಿದವರ ಪಾದ ದಾರಿಗೆ ಚಾಚಿಕೊಳ್ಳುತ್ತದೆ, ರಾತ್ರಿ ಹೋಗಿಬರುವವರ ಭುಜ ತಗಲುತ್ತಿರುತ್ತದೆ. ನಮ್ಮಲ್ಲಿಯ ಹಾಗೆ ನಡುವಿನ ಬರ್ತ್ ಹಗಲು ಮಡಚುವಂಥದ್ದಲ್ಲ, ಯಾವಾಗಲೂ ಹಾಗೇ ಇರುತ್ತದೆ. ಹಾಗಾಗಿ ಬೆನ್ನು ನೆಟ್ಟಗೆ ಮಾಡಿ ಕೂರಲು ಆಗುವುದು ಕೆಳಗಿನದರಲ್ಲಿ ಮಾತ್ರ. ನಡುವಿನದರಲ್ಲಿ ಮೊಣಕೈ ಊರಿ ಒರಗಬಹುದು. ಮೇಲಿನದರಲ್ಲಿ ತೆವಳಿಕೊಂಡೇ ಒಳಗೆ ಹೋಗಬೇಕು, ಚಾವಣಿ ಮೂಗಿನ ಮೇಲೇ ಇರುತ್ತದೆ. ಏಸಿಯ ಗಾಳಿ ನೇರ ಬಡಿಯುವುದೂ ಅಲ್ಲಿಗೇ.

ಮೂರು ಬರ್ತಿಗೂ ಬೆಲೆ ಬೇರೆ ಬೇರೆ. ಕೆಳಗಿನದು ದುಬಾರಿ, ಮೇಲಿನದು ಅಗ್ಗ. ಅಂತರ ನೂರಕ್ಕೆ ಆರೇಳರಷ್ಟು. ಶಿಯಾನ್‌ನಿಂದ ಬೀಜಿಂಗ್‌ಗೆ 12 ಗಂಟೆಯ ದಾರಿಯಲ್ಲಿ ಈ ಅಂತರ 20 ಯುವಾನ್ ಕೂಡ ಮುಟ್ಟುವುದಿಲ್ಲ. ಇಬ್ಬರು ಹೋಗುವಾಗ ಆಯ್ಕೆ ಸುಲಭ: ಒಂದು ಕೆಳಗಿನದು, ಒಂದು ಮೇಲಿನದು, ಒಂದೇ ಖಾನೆಯಲ್ಲಿ. ಎರಡರ ಬೆಲೆ ಕೂಡಿದರೆ ಎರಡು ನಡುವಿನ ಬರ್ತಿನಷ್ಟೇ ಆಗುತ್ತದೆ. ಆದರೆ ಹಗಲಿಗೆ ಇಬ್ಬರಿಗೂ ಕೂರಲು ಸ್ವಂತದ ಜಾಗ ಸಿಗುತ್ತದೆ, ಕೆಳಗಿನ ಬರ್ತಿನಡಿ ಚೀಲ ತಳ್ಳಬಹುದು, ರಾತ್ರಿ ಬೇಗ ಮಲಗುವವನಿಗೆ ಮೇಲೆ ನೆಮ್ಮದಿ. ಎರಡೂ ಮೇಲಿನವೇ ಆದರೆ ಹಗಲೆಲ್ಲ ಆ ಮಡಚು ಸೀಟಿನ ಮೇಲೇ ಕಳೆಯಬೇಕು, ಅದಕ್ಕೂ ಪೈಪೋಟಿ ಇರುತ್ತದೆ. ಹಗಲು ಹೊತ್ತು ಮೇಲಿನವರು ಕೆಳಗಿನ ಬರ್ತಿನ ತುದಿಯಲ್ಲಿ ಕೂರುವುದು ಅಲ್ಲಿ ನಡೆದುಬಂದ ರೂಢಿ. ಕೆಳಗಿನದು ನಿಮ್ಮದಾಗಿದ್ದರೆ ಹೊದಿಕೆಯನ್ನು ಮೊದಲೇ ಮಡಚಿ ತಲೆದಿಕ್ಕಿಗೆ ಇಟ್ಟುಬಿಡಿ, ಬೇರೆಯವರು ಅದರ ಮೇಲೆ ಕೂರುವುದು ತಪ್ಪುತ್ತದೆ. ಜೊತೆಗಾರರಿಗೆ ಮಂಡಿನೋವು ಇದ್ದರೆ ಸರದಿಯ ಮಾತೇ ಬೇಡ, ಕೆಳಗಿನದು ಅವರಿಗೇ. ಏಣಿ ಎಂದರೆ ಕಾಲ್ಬೆರಳು ಮಾತ್ರ ಊರಬಹುದಾದ ಕಿರಿದಾದ ಮೆಟ್ಟಿಲು.

ಹೊದಿಕೆ, ಹಾಸು, ದಿಂಬು ಎಲ್ಲ ಟಿಕೆಟ್ಟಿನಲ್ಲೇ ಸೇರಿದೆ. ಇಲ್ಲಿಯೇ ಅರ್ಧ ಅಂಕ ಕಳೆದಿರುವುದು. ಹಾರ್ಡ್ ಸ್ಲೀಪರ್‌ನಲ್ಲಿ ಹಾಸು ಬದಲಿಸುವುದು ಸಾಮಾನ್ಯವಾಗಿ ಗಾಡಿ ಹೊರಡುವ ಊರಿನಲ್ಲಿ. ನಡುದಾರಿಯಲ್ಲಿ ಹತ್ತಿದರೆ ನಿಮಗಿಂತ ಮುಂಚೆ ಮಲಗಿ ಇಳಿದವರ ಹಾಸಿನ ಮೇಲೇ ಮಲಗಬೇಕಾಗಬಹುದು. ಇದಕ್ಕೆ ಎರಡು ದಾರಿ. ನೀವು ಹತ್ತುವ ಊರಿನಿಂದಲೇ ಶುರುವಾಗುವ ಗಾಡಿಯನ್ನು ಆರಿಸುವುದು ಒಂದು. ಟೈಂಟೇಬಲ್‌ನಲ್ಲಿ ಮೊದಲ ಸ್ಟೇಷನ್ ಯಾವುದೆಂದು ತೋರಿಸುತ್ತದೆ. ಇನ್ನೊಂದು, ಮನೆಯಿಂದ ಒಂದು ಹಳೇ ಹತ್ತಿ ಪಂಚೆ ಒಯ್ಯುವುದು. ಅಂಗಡಿಯಲ್ಲಿ ಸಾವಿರ ರೂಪಾಯಿ ಮೇಲೆ ಕೊಟ್ಟು ತರುವ ಸ್ಲೀಪಿಂಗ್ ಲೈನರ್‌ಗಿಂತ ಪಂಚೆ ಎಷ್ಟೋ ಮೇಲು. ಹಾಸಿಕೊಳ್ಳಬಹುದು, ಹೊದ್ದುಕೊಳ್ಳಬಹುದು, ಹಾಸ್ಟೆಲ್‌ನ ಬಂಕ್ ಮಂಚಕ್ಕೆ ಪರದೆಯಾಗಿ ಇಳಿಬಿಡಬಹುದು, ಒಗೆದರೆ ಎರಡು ಗಂಟೆಯಲ್ಲಿ ಒಣಗುತ್ತದೆ.

ರಾತ್ರಿ 10 ಗಂಟೆಗೆ ದೀಪ ಆರಿಸುತ್ತಾರೆ. ಆಮೇಲೆ ಬೋಗಿ ನಿಜಕ್ಕೂ ಸದ್ದಡಗುತ್ತದೆ, ಗೊರಕೆಯೊಂದನ್ನು ಬಿಟ್ಟರೆ. ಇನ್ನರ್ಧ ಅಂಕ ಕಳೆದಿರುವುದು ಹೊಗೆಗೆ. ಹೈಸ್ಪೀಡ್ ಗಾಡಿಯಲ್ಲಿ ಸಿಗರೇಟು ಪೂರ್ತಿ ನಿಷೇಧ. ಮಾಮೂಲಿ ಗಾಡಿಗಳಲ್ಲಿ ಬೋಗಿ ಬೋಗಿ ಕೂಡುವ ಜಾಗದಲ್ಲಿ ಸೇದುವ ರೂಢಿ ಇನ್ನೂ ಉಳಿದಿದೆ, ಬಾಗಿಲು ತೆರೆದಾಗೆಲ್ಲ ಹೊಗೆ ಒಳಗೆ ನುಗ್ಗುತ್ತದೆ. ದಮ್ಮಿನ ತೊಂದರೆ ಇದ್ದವರು ಬೋಗಿಯ ತುದಿಯ ಖಾನೆ ಬಿಟ್ಟು ನಡುವಿನ ಖಾನೆಗೆ, ಅಂದರೆ ಬರ್ತ್ ನಂಬರ್ 9ರಿಂದ 14ರ ಒಳಗೆ, ಪ್ರಯತ್ನಿಸಬೇಕು. ಬರ್ತ್ ನಂಬರ್ ಖಾನೆಗೆ ಎರಡರಂತೆ, ಎದುರುಬದುರಾಗಿ ಏರುತ್ತ ಹೋಗುತ್ತದೆ. ಒಂದೇ ನಂಬರಿಗೆ ಮೇಲೆ, ನಡುವೆ, ಕೆಳಗೆ ಎಂಬ ಮೂರು ಬರ್ತ್ ಇರುತ್ತವೆ. ಒಟ್ಟು 22 ನಂಬರ್, ಹಾಗಾಗಿ 9ರಿಂದ 14 ಎಂದರೆ ಸರಿಯಾಗಿ ಬೋಗಿಯ ನಡುಮಧ್ಯ.

ಈ ಗಾಡಿಗಳ ನಿಜವಾದ ಜೀವಾಳ ಎಂದರೆ ಪ್ರತಿ ಬೋಗಿಯ ತುದಿಯಲ್ಲಿರುವ ಬಿಸಿನೀರಿನ ಬಾಯ್ಲರ್. ಹಗಲೂ ರಾತ್ರಿ, ಪುಕ್ಕಟೆ. ನಲ್ಲಿ ತಿರುಗಿಸಿದರೆ ಹಬೆಯಾಡುವ ನೀರು ಬೀಳುತ್ತದೆ. ಬರೀ ಬೆಚ್ಚಗೆ ಬರುತ್ತಿದ್ದರೆ ಆಗಷ್ಟೇ ತಣ್ಣೀರು ತುಂಬಿಕೊಂಡಿದೆ ಎಂದರ್ಥ, ಕಾಲು ಗಂಟೆ ಬಿಟ್ಟು ಹೋಗಬೇಕು. ಸಂಜೆ ಆರರಿಂದ ಏಳರವರೆಗೆ ಇಡೀ ಬೋಗಿ ನೂಡಲ್ಸ್ ಡಬ್ಬಿ ಹಿಡಿದು ಅಲ್ಲಿ ಸಾಲು ನಿಂತಿರುತ್ತದೆ, ಐದೂವರೆಗೇ ಹೋಗಿ ತುಂಬಿಸಿಕೊಂಡರೆ ಕೆಲಸ ಹಗುರ. ಫ್ಲಾಸ್ಕನ್ನು ಕತ್ತಿನವರೆಗೆ ತುಂಬಬೇಡಿ. ಗಾಡಿ ಜೋಲಿ ಹೊಡೆದರೆ ಕೈ ಸುಡುವುದು ಖಂಡಿತ.

ಚಿಕ್ಕಮಗಳೂರಿನವರಿಗೆ ಕಾಫಿ ಇಲ್ಲದೆ ಬೆಳಗಾಗುವುದಿಲ್ಲ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಎರಡು ಲೋಟದ ಪುಟ್ಟ ಸ್ಟೀಲ್ ಫಿಲ್ಟರ್ ಚೀಲದಲ್ಲಿ ಜಾಗ ಹಿಡಿಯುವುದಿಲ್ಲ, ಅದರೊಳಗೇ ಎರಡು ಜೊತೆ ಕಾಲುಚೀಲ ತುರುಕಬಹುದು. ಮೂರು ವಾರಕ್ಕೆ ಇಬ್ಬರಿಗೆ ಅರ್ಧ ಕಿಲೋ ಪುಡಿ ಸಾಕು, 50 ಗ್ರಾಂನ ಪೊಟ್ಟಣಗಳಾಗಿ ಬಿಗಿಯಾಗಿ ಕಟ್ಟಿ ಒಯ್ದರೆ ಘಮ ಹೋಗುವುದಿಲ್ಲ. ಬಾಯ್ಲರ್ ನೀರು ಒಲೆಯ ಮೇಲಿನ ನೀರಿನಷ್ಟು ಕುದಿಯುತ್ತಿರುವುದಿಲ್ಲ, ಜೊತೆಗೆ ಗಾಡಿ ಅಲ್ಲಾಡುತ್ತದೆ; ಅದಕ್ಕೇ ಮೇಲಿನ ಪಾತ್ರೆಯನ್ನು ಮುಕ್ಕಾಲು ಮಾತ್ರ ತುಂಬಿ, ಪುಡಿಯನ್ನು ಮನೆಯಲ್ಲಿ ಹಾಕುವುದಕ್ಕಿಂತ ಅರ್ಧ ಚಮಚ ಜಾಸ್ತಿ ಹಾಕಿ, ಒತ್ತುಬಿಲ್ಲೆಯನ್ನು ಗಟ್ಟಿಯಾಗಿ ಒತ್ತದೆ ಸುಮ್ಮನೆ ಕೂರಿಸಬೇಕು. ಗಟ್ಟಿ ಒತ್ತಿದರೆ ಈ ಬಿಸಿಗೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ಕಿಟಕಿ ಮೇಜಿನ ಮೇಲೆ ಒಂದು ಅಗಲ ಮಗ್ಗಿನೊಳಗೆ ಫಿಲ್ಟರ್ ನಿಲ್ಲಿಸಿದರೆ ಉರುಳುವುದಿಲ್ಲ, ಇಪ್ಪತ್ತು ನಿಮಿಷದಲ್ಲಿ ಇಳಿದಿರುತ್ತದೆ. ಹಾಲಿನ ಪುಡಿಯನ್ನು ಇಲ್ಲಿಂದ ಒಯ್ಯಬೇಡಿ, ಅಲ್ಲೇ ಅಂಗಡಿಯಲ್ಲಿ ಕೊಳ್ಳಿ. ಹಾಲಿನ ಪದಾರ್ಥ, ಮಾಂಸ, ಹಸಿ ಹಣ್ಣು ತರಕಾರಿ, ಬಿತ್ತನೆ ಬೀಜ ಇವುಗಳ ಬಗ್ಗೆ ಅಲ್ಲಿನ ಕಸ್ಟಮ್ಸ್ ಬಿಗಿಯಾಗಿದೆ. ತೋಟದವರು ನೆನಪಿಗೆಂದು ಹಸಿ ಕಾಫಿ ಬೀಜವನ್ನೂ ಒಯ್ಯಬಾರದು, ಹುರಿದು ಪುಡಿ ಮಾಡಿದ್ದೇ ಆಗಬೇಕು.

ಸಸ್ಯಾಹಾರಿಗಳಿಗೆ ಗಾಡಿಯ ಊಟ ಒಗ್ಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ತರಕಾರಿ ಚಿತ್ರವಿರುವ ನೂಡಲ್ಸ್ ಡಬ್ಬಿಯ ಮಸಾಲೆಯಲ್ಲೂ ದನದ ಅಥವಾ ಕೋಳಿಯ ಸಾರದ ಪುಡಿ ಇರಬಹುದು, ಊಟದ ಡಬ್ಬಿಯಲ್ಲಿ ಸೊಪ್ಪಿನ ಪಲ್ಯಕ್ಕೂ ಹಂದಿಯ ಕೊಬ್ಬು ಬಿದ್ದಿರಬಹುದು. ‘ವೋ ಚ್‌ರ್ ಸು’ ಎಂದರೆ ನಾನು ಸಸ್ಯಾಹಾರಿ ಎಂದರ್ಥ, ಆದರೆ ನಮ್ಮ ಉಚ್ಚಾರ ಅವರಿಗೆ ತಿಳಿಯುವುದು ಅನುಮಾನ. ಮಾಂಸ ಬೇಡ, ಮಾಂಸದ ಸಾರು ಬೇಡ, ಹಂದಿ ಕೊಬ್ಬು ಬೇಡ ಎಂದು ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಚಿತ್ರವಾಗಿ ಇಟ್ಟುಕೊಂಡು ತೋರಿಸುವುದೇ ಸರಿ. ಗಾಡಿ ಹತ್ತುವ ಮುಂಚೆ ಸ್ಟೇಷನ್ ಹೊರಗಿನ ಅಂಗಡಿಯಲ್ಲಿ ಹಬೆಯಲ್ಲಿ ಬೇಯಿಸಿದ ಬನ್ನು, ಬೇಯಿಸಿದ ಮುಸುಕಿನ ಜೋಳ, ಬಾಳೆಹಣ್ಣು, ಕಡಲೆಕಾಯಿ ಕೊಂಡರೆ ಒಂದು ರಾತ್ರಿ ಕಳೆಯುತ್ತದೆ. ಮೊಟ್ಟೆ ತಿನ್ನುವವರಿಗೆ ಟೊಮೇಟೊ ಹಾಕಿದ ಮೊಟ್ಟೆ ಪಲ್ಯ, ‘ಶಿಹೊಂಗ್‌ಶ್ ಚಾವ್ ಜಿದಾನ್’, ಯಾವ ಊರಲ್ಲೂ ಸಿಗುತ್ತದೆ, ಅನ್ನಕ್ಕೆ ಕಲಸಿಕೊಂಡರೆ ನಮ್ಮ ನಾಲಿಗೆಗೂ ಹಿಡಿಸುತ್ತದೆ.

ಇನ್ನು ಟಿಕೆಟ್. 12306 ಎನ್ನುವುದು ಅಲ್ಲಿನ ರೈಲ್ವೆಯದೇ ಆ್ಯಪ್ ಮತ್ತು ವೆಬ್‌ಸೈಟ್, ಇಂಗ್ಲಿಷ್‌ನಲ್ಲೂ ಇದೆ. ಬೇರೆ ಬುಕಿಂಗ್ ಆ್ಯಪ್‌ಗಳು ಮೇಲೊಂದಿಷ್ಟು ಸೇವಾಶುಲ್ಕ ಹಾಕುತ್ತವೆ, ಇಲ್ಲಿ ಅದಿಲ್ಲ. ಪಾಸ್‌ಪೋರ್ಟ್ ಫೋಟೋ ಹಾಕಿ ಗುರುತು ಖಾತ್ರಿಯಾದ ಮೇಲೆ ಮಾತ್ರ ಟಿಕೆಟ್ ಕೊಡುತ್ತದೆ, ಜೊತೆಗಾರರನ್ನೂ ಪ್ರಯಾಣಿಕರ ಪಟ್ಟಿಗೆ ಸೇರಿಸಿ ಅವರ ಪಾಸ್‌ಪೋರ್ಟನ್ನೂ ಖಾತ್ರಿ ಮಾಡಿಸಬೇಕು. ಇದನ್ನು ಊರಿನಲ್ಲಿದ್ದಾಗಲೇ ಮುಗಿಸಿ. ನಮ್ಮ ಕಡೆಯವರಿಗೆ ಎದುರಾಗುವ ತೊಡಕು ಹೆಸರಿನದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರು, ಇನಿಷಿಯಲ್ ಒಂದನ್ನೇ ಬರೆಸಿದವರು ಹಾಸನದ ಕಡೆ ಬೇಕಾದಷ್ಟಿದ್ದಾರೆ. ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲಿನಲ್ಲಿ ಬಾಣದ ಗುರುತುಗಳ ನಡುವೆ ಹೆಸರು ಹೇಗಿದೆಯೋ ಅದೇ ಕ್ರಮದಲ್ಲಿ ತುಂಬಬೇಕು. ಆ್ಯಪ್ ಒಪ್ಪದಿದ್ದರೆ ತಲೆ ಕೆಡಿಸಿಕೊಳ್ಳದೆ ಸ್ಟೇಷನ್ ಕೌಂಟರಿಗೆ ಎರಡೂ ಪಾಸ್‌ಪೋರ್ಟ್ ಒಯ್ದರೆ ಅಲ್ಲೇ ಟಿಕೆಟ್ ಮಾಡಿಕೊಡುತ್ತಾರೆ.

ಬುಕಿಂಗ್ ತೆರೆಯುವುದು 15 ದಿನ ಮುಂಚೆ, ಹೊರಡುವ ದಿನವೂ ಸೇರಿ. ನಮ್ಮ 60 ದಿನದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಸ್ಟೇಷನ್ನಿಗೊಂದು ಹೊತ್ತು ಗೊತ್ತುಮಾಡಿರುತ್ತಾರೆ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ ಎಂಟಕ್ಕೆ ತೆರೆಯುವ ಟಿಕೆಟ್ಟಿಗೆ ಇಲ್ಲಿ ಐದೂವರೆಗೆ ಎದ್ದು ಕೂರಬೇಕು. ಕೆಳಗಿನ ಬರ್ತ್‌ಗಳು ಮೊದಲು ಮುಗಿಯುತ್ತವೆ. ಇಬ್ಬರ ಟಿಕೆಟನ್ನೂ ಒಂದೇ ಆರ್ಡರಿನಲ್ಲಿ ಹಾಕಿದರೆ ಹತ್ತಿರ ಹತ್ತಿರ ಬರ್ತ್ ಸಿಗುವ ಸಂಭವ ಹೆಚ್ಚು. ಸಿಗದಿದ್ದರೆ ವೇಟಿಂಗ್ ಲಿಸ್ಟ್ ಇದೆ, ‘ಹೋಬು’ ಅಂತಾರೆ. ದುಡ್ಡು ಮೊದಲೇ ಕಟ್ಟಿಸಿಕೊಂಡು, ಸಿಗದೆ ಹೋದರೆ ಪೂರ್ತಿ ವಾಪಸ್ ಮಾಡುತ್ತಾರೆ. ರದ್ದು ಮಾಡುವ ನಿಯಮ ಬಹಳ ಉದಾರ: ಹೊರಡಲು 8 ದಿನಕ್ಕಿಂತ ಹೆಚ್ಚಿದ್ದರೆ ಕಡಿತವೇ ಇಲ್ಲ, 48 ಗಂಟೆಗಿಂತ ಮುಂಚೆ 5%, 24ರಿಂದ 48 ಗಂಟೆಯೊಳಗೆ 10%, ಆಮೇಲೆ 20%. ‘ಸೀಟಿಲ್ಲದ ಟಿಕೆಟ್’ ಎಂದೂ ಒಂದುಂಟು. ಬೆಲೆ ಹಾರ್ಡ್ ಸೀಟಿನಷ್ಟೇ, ನಿಂತುಕೊಂಡೇ ಹೋಗಬೇಕು. ಆ್ಯಪ್‌ನಲ್ಲಿ ಅವಸರಕ್ಕೆ ಅದನ್ನು ಒತ್ತಿಬಿಡುವುದುಂಟು, ಎಚ್ಚರ. ಹಾರ್ಡ್ ಸೀಟಿನಲ್ಲೂ ರಾತ್ರಿ ಕಳೆಯಲು ಹೋಗಬೇಡಿ. ಬೆನ್ನಿಗೆ ನೆಟ್ಟಗಿನ ಹಲಗೆ, ಒಂದು ಕಡೆ ಮೂರು ಇನ್ನೊಂದು ಕಡೆ ಎರಡು ಸೀಟು, ರಾತ್ರಿಯಿಡೀ ದೀಪ. ಹಗಲು ಐದಾರು ಗಂಟೆಗೆ ಚೆನ್ನ, ಅಷ್ಟೆ.

ಹಣ ಕಟ್ಟುವುದು ಅಲಿಪೇ ಅಥವಾ ವೀಚಾಟ್ ಎಂಬ ಫೋನ್ ಆ್ಯಪ್‌ಗಳ ಮೂಲಕ. ಎರಡಕ್ಕೂ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಜೋಡಿಸಬಹುದು. ಒಂದು ಸಲದ ಪಾವತಿ 200 ಯುವಾನ್ ಒಳಗಿದ್ದರೆ ಶುಲ್ಕವಿಲ್ಲ, ಮೀರಿದರೆ 3%. ಊಟ, ಮೆಟ್ರೋ, ಹಾಸ್ಟೆಲ್ ಎಲ್ಲ ಈ ಮಿತಿಯೊಳಗೇ ಬರುತ್ತವೆ. ಇಬ್ಬರ ರೈಲು ಟಿಕೆಟ್ ಒಟ್ಟಿಗೆ ಕೊಂಡಾಗ ಮಾತ್ರ ಹದಿನೈದಿಪ್ಪತ್ತು ಯುವಾನ್ ಜಾಸ್ತಿ ಬೀಳುತ್ತದೆ. ಒಂದೊಂದು ಟಿಕೆಟ್ಟೇ 200 ಯುವಾನ್ ಮೀರಿದ್ದರೆ ಬೇರೆ ಬೇರೆ ಕೊಂಡರೂ ಅದು ಉಳಿಯುವುದಿಲ್ಲ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟನ್ನು ಹೊರಡುವ ಮುಂಚೆ ಆನ್ ಮಾಡಿ, ಕಾರ್ಡ್ ಜೋಡಿಸುವ ಕೆಲಸವನ್ನು ಹಾಸನದಲ್ಲೇ ಕೂತು ಮುಗಿಸಿ. ಓಟಿಪಿ ಬರುವ ಸಿಮ್ ರೋಮಿಂಗ್‌ನಲ್ಲಿ ಬದುಕಿರಬೇಕು. ಗೂಗಲ್, ವಾಟ್ಸಾಪ್ ಅಲ್ಲಿನ ಸ್ಥಳೀಯ ಇಂಟರ್ನೆಟ್‌ನಲ್ಲಿ ತೆರೆಯುವುದಿಲ್ಲ. ಒಬ್ಬರ ಫೋನಿನಲ್ಲಿ ಹೊರದೇಶದ ರೋಮಿಂಗ್ ಡೇಟಾ ಇದ್ದರೆ ಮನೆಯವರ ಜೊತೆ ಮಾತು ತಪ್ಪುವುದಿಲ್ಲ. ದಾರಿ ನೋಡಲು ಅಲ್ಲಿನ ನಕ್ಷೆ ಆ್ಯಪ್ ಅಮ್ಯಾಪ್ ಹಾಕಿಕೊಳ್ಳಿ. ಗೂಗಲ್ ನಕ್ಷೆ ಚೀನಾದಲ್ಲಿ ನೀವಿರುವ ಜಾಗವನ್ನೇ ನೂರಾರು ಮೀಟರ್ ಆಚೀಚೆ ತೋರಿಸುತ್ತದೆ, ಯಾಕೆಂದರೆ ಅಲ್ಲಿನ ನಕ್ಷೆಗಳ ಅಕ್ಷಾಂಶ ರೇಖಾಂಶದ ಪದ್ಧತಿಯೇ ಬೇರೆ.

ಯಾವಾಗ ಹೋಗಬೇಕು ಎನ್ನುವುದರಲ್ಲಿ ನಮ್ಮವರು ಮಾಡುವ ಒಂದು ತಪ್ಪಿದೆ. ದಸರಾ ರಜೆ ಸಿಕ್ಕಿತೆಂದು ಅಕ್ಟೋಬರ್ ಮೊದಲ ವಾರಕ್ಕೆ ಇಟ್ಟುಕೊಳ್ಳುವುದು. ಅಕ್ಟೋಬರ್ 1ರಿಂದ ಅಲ್ಲಿ ರಾಷ್ಟ್ರೀಯ ದಿನದ ವಾರದ ರಜೆ. ಆ ವಾರ ಬರ್ತ್ ಇರಲಿ, ನಿಲ್ಲುವ ಟಿಕೆಟ್ ಸಿಕ್ಕರೆ ಪುಣ್ಯ. ಜನವರಿ–ಫೆಬ್ರವರಿಯಲ್ಲಿ ಅವರ ಹೊಸ ವರ್ಷದ ಮುಂದೆ ಹಿಂದೆ ಸುಮಾರು 40 ದಿನ, ಮೇ 1ರ ಆಸುಪಾಸು, ಜುಲೈ–ಆಗಸ್ಟ್‌ನ ಬೇಸಿಗೆ ರಜೆ, ಇವೂ ಬೇಡ. ಸೆಪ್ಟೆಂಬರ್, ಅಥವಾ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ಭಾಗ ಸೊಗಸು. ತೋಟ ಇರುವವರಿಗೂ ಅರೇಬಿಕಾ ಕೊಯ್ಲು ಕೈಗೆ ಬರುವ ಮುಂಚೆ ಹೋಗಿಬಂದಂತಾಗುತ್ತದೆ.

ವೀಸಾ ಬೇಕೇ ಬೇಕು. ಹಲವು ದೇಶದವರಿಗೆ ಕೊಡುವ 240 ಗಂಟೆಯ ವೀಸಾರಹಿತ ಟ್ರಾನ್ಸಿಟ್ ಪಟ್ಟಿಯಲ್ಲಿ ಭಾರತ ಇಲ್ಲ. ಕರ್ನಾಟಕ ಮುಂಬೈ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೆ, ಪ್ರವಾಸಿಗರದು ಎಲ್ ವೀಸಾ. ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಬೇಕು, ಆದರೆ ದಿನವಾರು ಪಟ್ಟಿ ಇಬ್ಬರದೂ ಅಕ್ಷರ ತಪ್ಪದೆ ಒಂದೇ ಆಗಿರಬೇಕು. ಟಿಬೆಟ್ ಈ ಬಗೆಯ ತಿರುಗಾಟಕ್ಕೆ ಸಿಗುವ ಜಾಗವಲ್ಲ, ವಿದೇಶಿಯರಿಗೆ ಅಲ್ಲಿ ಪರ್ಮಿಟ್ ಬೇಕು, ಏಜೆನ್ಸಿಯ ಮೂಲಕವೇ ಹೋಗಬೇಕು.

ನೆಲದ ದಾರಿಯಲ್ಲಿ ಒಳಗೆ ಹೋಗಲು ಲಾವೋಸ್ ಕಡೆಯದು ಈಗ ಚೆನ್ನಾಗಿದೆ. ಲಾವೋಸ್–ಚೀನಾ ರೈಲು ಮಾರ್ಗ 2021ರ ಡಿಸೆಂಬರ್‌ನಲ್ಲಿ ತೆರೆಯಿತು, ಗಡಿ ದಾಟುವ ಪ್ರಯಾಣಿಕರ ಗಾಡಿ 2023ರ ಏಪ್ರಿಲ್‌ನಿಂದ ಓಡುತ್ತಿದೆ. ಬ್ಯಾಂಕಾಕ್‌ನಿಂದ ವಿಯೆಂಟಿಯಾನ್‌ಗೆ ರಾತ್ರಿ ರೈಲು ಇದೆ. ಅದು ನಿಲ್ಲುವ ಸ್ಟೇಷನ್ ಬೇರೆ, ಚೀನಾ ಕಡೆಯ ಗಾಡಿ ಹೊರಡುವ ಸ್ಟೇಷನ್ ಬೇರೆ; ನಡುವೆ ಗಾಡಿ ಹಿಡಿಯಲು ಹೊತ್ತು ಬಿಟ್ಟುಕೊಳ್ಳಿ. ಗಡಿಯಲ್ಲಿ ಲಾವೋಸ್ ಕಡೆಯ ಬೋಟೆನ್, ಚೀನಾ ಕಡೆಯ ಮೋಹಾನ್ ಎರಡೂ ಕಡೆ ಚೀಲ ಸಮೇತ ಇಳಿದು ತಪಾಸಣೆಗೆ ನಿಲ್ಲಬೇಕು. ಮುಂದೆ ಕುನ್ಮಿಂಗ್ ದಾರಿಯಲ್ಲೇ ಪುಅರ್ ಸಿಗುತ್ತದೆ. ಚೀನಾದ ಕಾಫಿಯೆಲ್ಲ ಹೆಚ್ಚುಕಡಿಮೆ ಬೆಳೆಯುವುದು ಯುನ್ನಾನ್ ಪ್ರಾಂತ್ಯದಲ್ಲೇ, ಪುಅರ್ ಅದರ ದೊಡ್ಡ ಸೀಮೆ. ಅಲ್ಲಿ ಹೆಚ್ಚಾಗಿ ಹಾಕಿರುವುದು ಕ್ಯಾಟಿಮೋರ್ ತಳಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ ನಮ್ಮ ಕಾವೇರಿ ತಳಿಯೂ ಅದೇ ಸಂತಾನ. ಚಿಕ್ಕಮಗಳೂರಿನವರು ಅಲ್ಲಿ ಒಂದು ದಿನ ಇಳಿಯದೆ ಮುಂದೆ ಹೋದರೆ ಅದೊಂದು ನಷ್ಟವೇ.

ಕುನ್ಮಿಂಗ್‌ನಿಂದ ಚೆಂಗ್ದುಗೆ ಹೋಗುವಾಗ ಹಳೇ ಮಾರ್ಗ ಹಿಡಿಯಿರಿ. 1970ರಲ್ಲಿ ತೆರೆದದ್ದು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ 57 ಸುರಂಗ ಎಂದು ನಾವು ಎಣಿಸಿ ಖುಷಿಪಡುತ್ತೇವೆ, ಆ ಮಾರ್ಗದಲ್ಲಿ 427 ಇವೆ. ಅದರಲ್ಲಿ ಪಾನ್‌ಜಿಹುವಾ ಮತ್ತು ಪುಶಿಯೋಂಗ್ ನಡುವೆ 5633, 5634 ಎಂಬ ನಿಧಾನದ ಗಾಡಿ ಓಡುತ್ತದೆ. ಬೆಟ್ಟದ ಯಿ ಜನ ಕೋಳಿ, ಕುರಿ, ತರಕಾರಿ ಬುಟ್ಟಿ ಸಮೇತ ಹತ್ತಿ ಸಂತೆಗೆ ಹೋಗುವ ಗಾಡಿ ಅದು. ಟಿಕೆಟ್ 2 ಯುವಾನ್‌ನಿಂದ ಶುರು, ಪೂರ್ತಿ ದೂರಕ್ಕೆ 26ರ ಆಸುಪಾಸು. ಹೊಸ ಜೋಡಿಮಾರ್ಗ 2022ರ ಡಿಸೆಂಬರ್‌ನಲ್ಲಿ ತೆರೆದ ಮೇಲೂ ಆ ಜನರಿಗೆಂದೇ ಇದನ್ನು ಉಳಿಸಿಕೊಂಡಿದ್ದಾರೆ. ಚೆಂಗ್ದುವಿನಿಂದ ಶಿಯಾನ್, ಶಿಯಾನ್‌ನಿಂದ ಬೀಜಿಂಗ್, ಬೀಜಿಂಗ್‌ನಿಂದ ಶಾಂಘೈ, ಮೂರೂ ಒಂದೊಂದು ರಾತ್ರಿಯ ದಾರಿ. ಎರಡು ರಾತ್ರಿ ಒಂದರ ಹಿಂದೊಂದು ಗಾಡಿಯಲ್ಲಿ ಇಡಬೇಡಿ. ಸ್ನಾನ ತಪ್ಪಿ, ನಿದ್ದೆ ಅರೆಬರೆಯಾಗಿ, ಮೂರನೇ ದಿನ ಸಣ್ಣ ಮಾತಿಗೂ ಇಬ್ಬರಲ್ಲಿ ಜಗಳ ಹುಟ್ಟುತ್ತದೆ. ಒಂದು ರಾತ್ರಿ ಗಾಡಿ, ಎರಡು ರಾತ್ರಿ ಹಾಸ್ಟೆಲ್ ಎನ್ನುವ ಲೆಕ್ಕ ಮೈಗೂ ಒಳ್ಳೆಯದು. ಹಾಸ್ಟೆಲ್ ಕಾಯ್ದಿರಿಸುವ ಮುಂಚೆ ವಿದೇಶಿ ಪಾಸ್‌ಪೋರ್ಟ್ ಇದ್ದವರನ್ನು ಇಳಿಸಿಕೊಳ್ಳುತ್ತೀರಾ ಎಂದು ಕೇಳಿ. ತಂಗಿದ 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಣಿ ಆಗಬೇಕು, ಆ ಕೆಲಸ ಗೊತ್ತಿಲ್ಲದ ಅಗ್ಗದ ಲಾಡ್ಜುಗಳು ರಾತ್ರಿ ಬಾಗಿಲಲ್ಲೇ ಕಳಿಸಿಬಿಡುವುದುಂಟು.

ಸ್ಟೇಷನ್‌ಗೆ ಒಂದು ಗಂಟೆ ಮುಂಚೆ ಹೋಗಿ. ಹಾಸನ ಜಂಕ್ಷನ್‌ನಲ್ಲಿ ಗಾಡಿ ಕೂಗು ಹಾಕಿದ ಮೇಲೂ ಓಡಿ ಹತ್ತಬಹುದು, ಬೀಳ್ಕೊಡಲು ಬಂದವರೂ ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಬಹುದು. ಅಲ್ಲಿ ಪಾಸ್‌ಪೋರ್ಟ್ ತಪಾಸಣೆ, ಚೀಲದ ಎಕ್ಸ್‌ರೇ, ಆಮೇಲೆ ಕಾಯುವ ಹಾಲ್, ಕರೆದ ಮೇಲಷ್ಟೇ ಪ್ಲಾಟ್‌ಫಾರ್ಮ್. ಗಾಡಿ ಹೊರಡಲು ನಾಲ್ಕೈದು ನಿಮಿಷ ಇರುವಾಗಲೇ ಗೇಟ್ ಮುಚ್ಚುತ್ತಾರೆ. ಆಟೋಮ್ಯಾಟಿಕ್ ಗೇಟು ನಿಮ್ಮ ಪಾಸ್‌ಪೋರ್ಟ್ ಓದದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ನಿಂತ ಸಾಲಿಗೆ ಹೋಗಬೇಕು. ಹಣ್ಣು ಕೊಯ್ಯುವ ದೊಡ್ಡ ಚಾಕು, ಕ್ಯಾಂಪಿಂಗ್ ಗ್ಯಾಸ್, 120 ಎಂ.ಎಲ್.ಗಿಂತ ದೊಡ್ಡ ಸ್ಪ್ರೇ ಡಬ್ಬಿ ಎಕ್ಸ್‌ರೇಯಲ್ಲಿ ಉಳಿದುಹೋಗುತ್ತವೆ. ಚೀಲ ತಲೆಗೆ 20 ಕಿಲೋ ವರೆಗೆ ಬಿಡುತ್ತಾರಾದರೂ, ದಾರಿಯ ಮೇಲಿನ ಅಟ್ಟಕ್ಕೆ ಎತ್ತಲು 45 ಲೀಟರ್, ಹತ್ತು ಕಿಲೋ ದಾಟದಿದ್ದರೆ ಬದುಕು ಸುಲಭ. ಊರಿಗೆ ನಾಲ್ಕೈದು ಸ್ಟೇಷನ್ ಇರುತ್ತವೆ: ‘ಬೇ’ ಎಂದರೆ ಉತ್ತರ, ‘ನಾನ್’ ದಕ್ಷಿಣ, ‘ದೊಂಗ್’ ಪೂರ್ವ, ‘ಶಿ’ ಪಶ್ಚಿಮ. ಟಿಕೆಟ್ಟಿನಲ್ಲಿ ದಿಕ್ಕಿನ ಹೆಸರಿಲ್ಲದಿದ್ದರೆ ಊರ ಹೆಸರಿನ ಮೂಲ ಸ್ಟೇಷನ್ನೇ. ಬೀಜಿಂಗ್ ಮತ್ತು ಬೀಜಿಂಗ್ ಪಶ್ಚಿಮ ಅದಲುಬದಲಾದರೆ ಗಾಡಿ ತಪ್ಪಿದಂತೆಯೇ.

ಟಿಕೆಟ್ ಕಾಗದ ಇಲ್ಲ, ನಿಮ್ಮ ಪಾಸ್‌ಪೋರ್ಟೇ ಟಿಕೆಟ್. ಹಾಗಾಗಿ ಇಬ್ಬರ ಪಾಸ್‌ಪೋರ್ಟನ್ನೂ ಒಬ್ಬರೇ ಇಟ್ಟುಕೊಳ್ಳುವ ಮನೆಯ ಅಭ್ಯಾಸ ಇಲ್ಲಿ ಬೇಡ. ಎಕ್ಸ್‌ರೇ ಹತ್ತಿರ ಜನಜಂಗುಳಿಯಲ್ಲಿ ಬೇರೆಯಾದರೆ ‘ಎಲ್ಲಿದ್ದೀಯೋ’ ಎಂದು ಹುಡುಕುತ್ತ ನಿಲ್ಲದೆ, ಇಬ್ಬರೂ ನೇರ ಬೋಗಿ ಬಾಗಿಲಿಗೆ ಹೋಗುವುದೆಂದು ಮೊದಲೇ ಮಾತಾಡಿಕೊಳ್ಳಿ. ಒಬ್ಬರು ತಪ್ಪಿಸಿಕೊಂಡರೂ ಅದೇ ದಿನದ ಬೇರೆ ಗಾಡಿಯಲ್ಲಿ ಜಾಗವಿದ್ದರೆ ಟಿಕೆಟ್ ಬದಲಾಯಿಸಿಕೊಡುತ್ತಾರೆ, ಹತ್ತಿದವರು ಇಳಿಯಬೇಕಾಗಿಲ್ಲ.

ಬೆಳಿಗ್ಗೆ ನಿಮ್ಮ ಊರು ಬರುವ ಅರ್ಧ ಗಂಟೆ ಮುಂಚೆ ಬೋಗಿಯ ಪರಿಚಾರಕಿ ಬಂದು ಎಬ್ಬಿಸುತ್ತಾಳೆ. ಹಳೇ ಬೋಗಿಗಳಲ್ಲಿ ಸ್ಟೇಷನ್ ಹತ್ತಿರವಾಗುತ್ತಿದ್ದಂತೆ ಶೌಚಾಲಯಕ್ಕೆ ಬೀಗ ಹಾಕುತ್ತಾರೆ, ಅವಳು ಬರುವುದಕ್ಕೂ ಮುಂಚೆ ಎದ್ದು ಮುಗಿಸಿಕೊಳ್ಳಿ. ಕಾಗದವಾಗಲಿ ಸೋಪಾಗಲಿ ಒಳಗಿರುವುದಿಲ್ಲ. ಇಳಿದ ಮೇಲೆ ಪಾಸ್‌ಪೋರ್ಟನ್ನು ಚೀಲದ ತಳಕ್ಕೆ ಹಾಕಿಬಿಡಬೇಡಿ, ಹೊರಗೆ ಹೋಗುವ ಗೇಟಿನಲ್ಲಿ ಅದನ್ನು ಇನ್ನೊಂದು ಸಲ ತೋರಿಸಬೇಕು.